ಕಸದಡಿಯಲ್ಲಿ ಬದುಕಿದ್ದ ಒರತೆ



ಹೈದರಾಬಾದಿಗೆ ಬಂದ ಹೊಸತರಲ್ಲಿ ನಾನು ಕಲಿತ ಮೊದಲ ತೆಲುಗು ವಾಕ್ಯ ‘ನೀಳ್ಳು ವಚ್ಚಾಯಾ?’ ನೀರು ಬಂತೇ ಅಂತ! ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು, ಅಪಾರ್ಟ್‌ಮೆಂಟಿನವರೆಲ್ಲ ಟ್ಯಾಂಕರಿನ ದಾರಿ ಕಾಯುವುದು ನಿಮಗೂ ಹೊಸದಲ್ಲ. ಅದಕ್ಕೇ ಇವತ್ತು ನಿಮ್ಮನ್ನು ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆಗೆ ಕರೆದೊಯ್ಯುತ್ತಿದ್ದೇನೆ.

ಅಲ್ಲೊಂದು ಮೆಟ್ಟಿಲುಬಾವಿ ಇದೆ. ನಮ್ಮ ಕಡೆ ಕಲ್ಯಾಣಿ, ಪುಷ್ಕರಣಿ ಅಂತೀವಲ್ಲ, ಅದೇ ಬಳಗದ್ದು. 17ನೇ ಶತಮಾನದ್ದು ಎನ್ನುತ್ತಾರೆ. ಆಳ ಸುಮಾರು 50 ಅಡಿ. ತುಂಬಿದರೆ 20 ಲಕ್ಷ ಲೀಟರಿಗೂ ಹೆಚ್ಚು ನೀರು. 1933ರ ಸುಮಾರಿಗೆ ಬ್ರಿಟಿಷ್ ರೆಸಿಡೆಂಟ್ ಕೀಯ್ಸ್ ಈ ಪ್ರದೇಶವನ್ನು ಮಾದರಿ ಬಡಾವಣೆಯಾಗಿ ರೂಪಿಸಲು ಹೊರಟಾಗ ಹಣ ಕೊಟ್ಟವರು ಸೇಠ್ ಬನ್ಸಿಲಾಲ್. ಪೇಟೆಗೆ ಅವರದೇ ಹೆಸರು ನಿಂತಿತು.

ಇಷ್ಟು ದೊಡ್ಡ ಬಾವಿಯನ್ನು ಜನ ಮರೆತದ್ದು ಹೇಗೆ? ಇಲ್ಲಿ ನಮ್ಮವರೊಬ್ಬರ ಹೆಸರೂ ಬರುತ್ತದೆ. 1908ರ ಮೂಸಿ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ ಬಂದವು. ಮುಂದೆ ಮಂಜೀರಾ ನೀರೂ ಬಂತು, ನಮ್ಮ ಬೀದರ ಜಿಲ್ಲೆಯನ್ನು ಹಾದು ಬರುವ ಅದೇ ಮಂಜೀರಾ. ನಲ್ಲಿ ತಿರುಗಿಸಿದರೆ ನೀರು ಸಿಗುವಾಗ ಮೆಟ್ಟಿಲಿಳಿದು ಹೋಗುವವರು ಯಾರು? ತಪ್ಪು ಜಲಾಶಯದ್ದಲ್ಲ ಬಿಡಿ, ನಮ್ಮದು. ಬಾವಿ ಕಸದ ತೊಟ್ಟಿಯಾಯಿತು. ದಶಕಗಳ ಕಾಲ ಹಳೆಯ ಟೈರು, ಮುರಿದ ಗೋಡೆಯ ಮಣ್ಣು, ಪ್ಲಾಸ್ಟಿಕ್ಕು ಎಲ್ಲವೂ ಅದರೊಳಗೇ.

2021ರಲ್ಲಿ ವಾಸ್ತುಶಿಲ್ಪಿ ಕಲ್ಪನಾ ರಮೇಶ್ ಅವರ ತಂಡ ಮಹಾನಗರ ಪಾಲಿಕೆಯ ಜೊತೆ ಸೇರಿ ಹೂಳೆತ್ತಲು ನಿಂತಿತು. ಲಾರಿಗಟ್ಟಲೆ ಕಸ ತೆಗೆದಂತೆ ಕಲ್ಲಿನ ಕಂಬ, ಮೆಟ್ಟಿಲು ಒಂದೊಂದೇ ಕಾಣಿಸಿದವು. ಆಮೇಲೆ ತಳದಲ್ಲಿ ನೀರು ಜಿನುಗತೊಡಗಿತು! ಒರತೆ ಸತ್ತಿರಲಿಲ್ಲ. ಮಳೆನೀರು ಮಣ್ಣಿಗಿಳಿದು, ಬಂಡೆಯ ಬಿರುಕುಗಳಲ್ಲಿ ಹರಿದು ಬಾವಿಗೆ ಬರುವ ದಾರಿ ಅಷ್ಟು ವರ್ಷವೂ ಉಳಿದಿತ್ತು. ಸುತ್ತಲಿನ ನೆಲಕ್ಕೆಲ್ಲ ಸಿಮೆಂಟು ಬಳಿದರೆ ಮಾತ್ರ ಆ ದಾರಿಯೂ ಮುಚ್ಚಿಹೋಗುತ್ತದೆ, ನೆನಪಿರಲಿ.

2022ರ ಡಿಸೆಂಬರ್ 5ರಂದು ಬಾವಿ ಸಾರ್ವಜನಿಕರಿಗೆ ತೆರೆಯಿತು. ಗಾಂಧಿ ಆಸ್ಪತ್ರೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ. ‘ಬನ್ಸಿಲಾಲ್‌ಪೇಟ್ ಬಾವ್ಲಿ’ ಎಂದರೆ ಸಾಕು. ಹೊರಡುವ ಮುನ್ನ ಬಾಗಿಲು ತೆರೆಯುವ ಹೊತ್ತು ವಿಚಾರಿಸಿಕೊಳ್ಳಿ. ಬಿಸಿಲಿಳಿದ ಮೇಲೆ ಹೋದರೆ ಒಳ್ಳೆಯದು. ಮಕ್ಕಳ ಕೈ ಬಿಡಬೇಡಿ, ಆಳ ತಮಾಷೆಯಲ್ಲ. ಚಿಪ್ಸ್ ಪೊಟ್ಟಣ ಮಾತ್ರ ಮನೆಯಲ್ಲೇ ಇರಲಿ.

ಇನ್ನೊಂದು ಕೆಲಸ. ನೀರು ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಮೇಲಿನಿಂದ ಎಣಿಸಿ, ತಾರೀಖು ಹಾಕಿ ನಮಗೊಂದು ಕಾರ್ಡು ಬರೆಯಿರಿ. ಬೇಸಿಗೆಯಲ್ಲಿ ಎಣಿಸಿದವರು ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ಬನ್ನಿ. ಎರಡೂ ಲೆಕ್ಕವನ್ನು ಇದೇ ಕಾರ್ಯಕ್ರಮದಲ್ಲಿ ಓದುತ್ತೇನೆ.