ಸೈಕಲ್ ದಾರಿಗೂ ಬೇಕು ಮುಯ್ಯಾಳು

(ಬೈರಾಪಟ್ಟಣದಲ್ಲಿ ಯುವಜನರು ಹಾಗೂ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ಶ್ರಮದಾನ ತರಬೇತಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗುಡ್ಡದ ಮೇಲೆ ಸೈಕಲ್ ಓಡಿಸೋದಕ್ಕೆ ದಾರಿ ಮಾಡುವ ವಿಷಯ ಸಮಾಜಸೇವೆಯವರಿಗೆ ಯಾಕೆ ಅಂತ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಶನಿವಾರ ಭಾನುವಾರ ಬಂತೆಂದರೆ ಬೆಂಗಳೂರಿನ ಸೈಕಲ್ ಸವಾರರು ರಾಮನಗರ, ಸಾವನದುರ್ಗ, ಕಣ್ವ ಜಲಾಶಯದ ಕಡೆಗೆ ಬರುತ್ತಾರೆ. ನಮ್ಮ ಹುಡುಗರಿಗೂ ಆ ಆಸೆ ಹುಟ್ಟಿದೆ. ಆಸೆ ತಪ್ಪಲ್ಲ. ಆದರೆ ಆ ದಾರಿಯಲ್ಲೇ ದನ ಹೋಗುತ್ತವೆ, ಹುಲ್ಲಿನ ಹೊರೆ ಹೊತ್ತ ತಾಯಂದಿರು ಬರುತ್ತಾರೆ, ಮಕ್ಕಳು ಶಾಲೆಗೆ ನಡೆಯುತ್ತಾರೆ. ದಾರಿ ಯಾರದು, ಅದನ್ನು ಯಾರು ಮಾಡಬೇಕು, ಯಾರು ಕಾಪಾಡಬೇಕು? ಇದು ಸಮಾಜಸೇವೆಯ ವಿಷಯವೇ.

ಈ ಆಟ ಬಂದದ್ದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ರಿಪೇರಿ ಮಾಡಿಕೊಂಡು ಗುಡ್ಡ ಇಳಿಯತೊಡಗಿದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಸೇರಿತು. ನಮ್ಮ ರಾಜ್ಯದ ಗದಗದಲ್ಲಿಯೂ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ನಡೆದಿದೆ. ವಿಜಯಪುರ, ಬಾಗಲಕೋಟೆಯ ರೈತರ ಮಕ್ಕಳು ಸೈಕಲ್‌ನಿಂದಲೇ ಹೆಸರು ಮಾಡಿದ್ದಾರೆ.

ಸವಾರರು ಹೆಚ್ಚಾದಂತೆ ಅಲ್ಲಿ ಗುಡ್ಡಗಳು ಕೊರೆದುಹೋದವು. ನಡೆಯುವವರಿಗೂ ಕುದುರೆಯವರಿಗೂ ಇವರಿಗೂ ಜಗಳ ಬಂತು. ಸೈಕಲ್ಲೇ ಬೇಡ ಎಂಬ ನಿಷೇಧವೂ ಬಂತು. ಆಗ 1988ರಲ್ಲಿ ಸವಾರರು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡು, ದಾರಿಯನ್ನು ತಾವೇ ಸರಿಯಾಗಿ ಮಾಡಿ ಕಾಯ್ದುಕೊಳ್ಳುವ ಕೆಲಸಕ್ಕೆ ಇಳಿದರು. 'ಅಗೆಯದವನಿಗೆ ಸವಾರಿ ಇಲ್ಲ' ಎಂಬ ಮಾತು ಅವರಲ್ಲಿ ಬಳಕೆಗೆ ಬಂತು. ನಮ್ಮ ಸೀಮೆಯ ಮುಯ್ಯಾಳಿನ ಪದ್ಧತಿಯೂ ಇದನ್ನೇ ಹೇಳುತ್ತದೆ. ನಿನ್ನ ಹೊಲಕ್ಕೆ ನಾನು ಬಂದರೆ ನನ್ನ ಹೊಲಕ್ಕೆ ನೀನು ಬರಬೇಕು.

ಮೊದಲು ನಕಾಶೆ, ಆಮೇಲೆ ಗುದ್ದಲಿ

ಹೊಸ ದಾರಿ ಕಡಿಯುವ ಮೊದಲು ಹಳೆಯ ದಾರಿ ಹುಡುಕಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ ಇರುತ್ತದೆ. 'ನಕಾಶೆ ಕಂಡ ದಾರಿ' ಅಂತ ನಾವು ಹೇಳುವುದು ಇದನ್ನೇ. ಇಂಥ ಎಷ್ಟೋ ದಾರಿಗಳು ಲಂಟಾನದ ಪೊದೆಯಲ್ಲೋ ಯಾರದೋ ಬೇಲಿಯೊಳಗೋ ಮುಚ್ಚಿಹೋಗಿವೆ. ಅವನ್ನು ಬಿಡಿಸಿದರೆ ಸೈಕಲ್ಲಿಗೂ ಆಯಿತು, ಹೊಲಕ್ಕೆ ಹೋಗುವ ಬಡವರಿಗೂ ಆಯಿತು. ಬೇಲಿ ಹಾಕಿದವರ ಜೊತೆ ಜಗಳ ಬೇಡ. ಪಂಚಾಯಿತಿಗೆ, ತಹಸೀಲ್ದಾರರಿಗೆ ಅರ್ಜಿ ಕೊಡಿ, ಸರ್ವೆ ಮಾಡಿಸಿ.

ಗೋಮಾಳವಾದರೆ ಗ್ರಾಮ ಪಂಚಾಯಿತಿಯಲ್ಲಿ ಠರಾವು ಆಗಬೇಕು, ಕಂದಾಯ ಇಲಾಖೆಯ ಒಪ್ಪಿಗೆ ಬೇಕು. ಅರಣ್ಯವಾದರೆ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಗಿಡವನ್ನೂ ಮುಟ್ಟುವಂತಿಲ್ಲ, ಒಂದು ಕಲ್ಲನ್ನೂ ಸರಿಸುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎಲ್ಲವೂ ಇವೆ. ಒಳ್ಳೆಯ ಮನಸ್ಸಿನಿಂದ ಮಾಡಿದೆವು ಎಂದರೆ ಕೇಸು ಬಿಡುವುದಿಲ್ಲ. ಕೇಸು ಬಿದ್ದರೆ ನಗರದವರು ಮನೆಗೆ ಹೋಗುತ್ತಾರೆ, ಸಿಕ್ಕಿಬೀಳುವುದು ಊರಿನ ಹುಡುಗರು. ಗ್ರಾಮ ಅರಣ್ಯ ಸಮಿತಿ ಇರುವ ಕಡೆ ಅದರ ಮೂಲಕವೇ ಹೋಗಿ.

ಕೆಲವು ಜಾಗಗಳನ್ನು ಬಿಟ್ಟುಬಿಡೋಣ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ಆ ಹಕ್ಕಿಗಳು ದೇಶದಾದ್ಯಂತ ಸತ್ತವು. 2006ರಲ್ಲಿ ಸರ್ಕಾರ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿತು. ಬಂಡೆಯ ಚಾಚಿನಲ್ಲಿ ಗೂಡು ಕಟ್ಟುವ ಆ ಹಕ್ಕಿಗೆ ಬೇಕಾದದ್ದು ನಿಶ್ಶಬ್ದ. ಅಲ್ಲಿ ನಮ್ಮ ಸೈಕಲ್ಲಿಗೆ ಕೆಲಸವಿಲ್ಲ. ಹಾಗೆಯೇ ತೆಂಗಿನಕಲ್ಲು ಕಾಡಿನ ಕಡೆ ಆನೆಗಳ ಓಡಾಟ ನಿಮಗೇ ಗೊತ್ತು. ಕತ್ತಲು ಹರಿಯುವ ಮೊದಲು, ಸೂರ್ಯ ಮುಳುಗಿದ ಮೇಲೆ ಗುಡ್ಡದ ಕಡೆ ಯಾರೂ ಹೋಗಬೇಡಿ.

ನೀರಿಗೆ ದಾರಿ ಬಿಟ್ಟರೆ ನಮಗೆ ದಾರಿ ಉಳಿಯುತ್ತದೆ

'ಹನಿಗೂಡಿದರೆ ಹಳ್ಳ' ಅನ್ನುತ್ತೇವೆ. ಗುಡ್ಡದ ದಾರಿಯ ಶತ್ರುವೂ ಅದೇ. ನಮ್ಮದು ಬಂಡೆ ಸವೆದು ಉಂಟಾದ ಹರಳು ಮಣ್ಣು, ಬೇಗ ಕೊಚ್ಚಿಹೋಗುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ಮಳೆಯಲ್ಲಿ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡರೆ ಒಂದೇ ವರ್ಷಕ್ಕೆ ಮೊಳಕಾಲುದ್ದ ಕೊರಕಲು. ಆ ಮಣ್ಣೆಲ್ಲ ಹೋಗಿ ಕೆರೆಯಲ್ಲಿ ಹೂಳಾಗುತ್ತದೆ. ಜಲಾನಯನ ಕೆಲಸದಲ್ಲಿ ಬದು ಹಾಕಿದವರಿಗೆ ಇದು ಹೊಸ ಪಾಠ ಅಲ್ಲ.

1. ದಾರಿ ನೆಟ್ಟಗೆ ಮೇಲಕ್ಕೆ ಹೋಗಬಾರದು, ಗುಡ್ಡಕ್ಕೆ ಅಡ್ಡವಾಗಿ ಬಳಸಿ ಹೋಗಬೇಕು. ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ದಾರಿಯ ಏರು ಹೆಚ್ಚಾಗಬಾರದು. ಒಟ್ಟಾರೆ 100 ಅಡಿಗೆ 10 ಅಡಿ ಏರು ಮೀರದಿರಲಿ. ರಸಮಟ್ಟ ಅಥವಾ ಗಾರೆಯವರ ನೀರಿನ ಟ್ಯೂಬ್ ಇದ್ದರೆ ಅಳತೆ ಸುಲಭ.

2. ದಾರಿಯ ಹೊರಅಂಚು ಸ್ವಲ್ಪ ತಗ್ಗಾಗಿರಲಿ. ಎರಡೂವರೆ ಅಡಿ ಅಗಲಕ್ಕೆ ಒಂದೂವರೆ ಅಂಗುಲ ಸಾಕು. ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ದಾಟಿಹೋಗುತ್ತದೆ.

3. ಅಲ್ಲಲ್ಲಿ ದಾರಿ ಸ್ವಲ್ಪ ಇಳಿದು ಮತ್ತೆ ಏರಲಿ. ಆ ತಗ್ಗಿನಲ್ಲಿ ನೀರು ಹೊರಕ್ಕೆ ಬೀಳುತ್ತದೆ. ಸವಾರನಿಗೂ ಅದು ಖುಷಿ.

4. ಮರದ ಬುಡ ಅಗೆಯಬೇಡಿ. ಅಗೆದ ಮಣ್ಣನ್ನು ಅಂಚಿನಲ್ಲಿ ಗುಡ್ಡೆ ಹಾಕಿದರೆ ನೀರು ಒಳಗೇ ನಿಲ್ಲುತ್ತದೆ. ಸನಿಕೆಯಿಂದ ದೂರಕ್ಕೆ ಹರಡಿ.

5. ಒಂದೆರಡು ಮಳೆ ಬಿದ್ದು ನೆಲ ಹದವಾದಾಗ ಕೆಲಸ ಮಾಡಿ. ಒಣಮಣ್ಣು ಎಷ್ಟು ದಮ್ಮಸು ಮಾಡಿದರೂ ಕೂರುವುದಿಲ್ಲ. ಕೆಸರಿದ್ದಾಗ ಸವಾರಿ ಬೇಡ. ಒಂದು ಗಾಲಿಯ ಗೆರೆಯೇ ನಾಳೆಯ ಕಾಲುವೆ.

ಮಾಡುವುದು ಒಂದು ವಾರದ ಉತ್ಸಾಹ, ಕಾಯುವುದು ವರ್ಷದ ಕೆಲಸ. ಪ್ರತಿ ದೊಡ್ಡ ಮಳೆ ಆದ ಮೇಲೆ ಇಬ್ಬರು ಗುದ್ದಲಿ ಹಿಡಿದು ಒಮ್ಮೆ ನಡೆದು ಬನ್ನಿ. ಅಂಚಿಗೆ ಸೇರಿದ ಹೂಳು ತೆಗೆಯಿರಿ, ಅಡ್ಡದಾರಿ ಬಿದ್ದ ಕಡೆ ಮುಳ್ಳುಕೊಂಬೆ ಇಡಿ. ಅರ್ಧ ಗಂಟೆಯಲ್ಲಿ ಆಗುವ ಕೆಲಸ ಬಿಟ್ಟರೆ ಮುಂದಿನ ವರ್ಷ ಹತ್ತು ಆಳು ಬೇಕಾಗುತ್ತದೆ.

ಯಾರ ಶ್ರಮ, ಯಾರ ಸವಾರಿ?

ಈಗ ಮುಖ್ಯ ಮಾತಿಗೆ ಬರೋಣ. ಶ್ರಮದಾನ ಒಳ್ಳೆಯದು. ಆದರೆ ಕೂಲಿಯಿಂದ ಬದುಕುವ ತಾಯಿ ಒಂದು ದಿನದ ಕೂಲಿ ಬಿಟ್ಟು, ಲಕ್ಷ ರೂಪಾಯಿ ಸೈಕಲ್ಲಿನವರಿಗೆ ದಾರಿ ಮಾಡಿಕೊಟ್ಟರೆ ಅದು ದಾನವಲ್ಲ, ಬಿಟ್ಟಿ ಚಾಕರಿ. ಇದನ್ನು ನಾವು ಒಪ್ಪುವುದಿಲ್ಲ. ಸವಾರಿ ಮಾಡುವವರು ಬಂದು ನಮ್ಮ ಜೊತೆ ಹಾರೆ ಹಿಡಿಯಲಿ. ಬರಲಾಗದವರು ಊರಿನವರಿಗೆ ಸರಿಯಾದ ಕೂಲಿ ಕೊಡಲಿ. ಯಾರು ಎಷ್ಟು ದಿನ ಕೆಲಸ ಮಾಡಿದರು, ಎಷ್ಟು ಹಣ ಬಂತು ಎಂಬುದನ್ನು ಸಂಘದ ಪುಸ್ತಕದಲ್ಲಿ ಬರೆದು ಸಭೆಯಲ್ಲಿ ಓದಿ.

ಇನ್ನೊಂದು ಮಾತು. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವುದನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಆ ಸೈಕಲ್ಲುಗಳಿಂದ ಎಷ್ಟು ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು ಅನ್ನುವುದನ್ನು ಈ ಊರುಗಳಲ್ಲಿ ಹೇಳಬೇಕಾಗಿಲ್ಲ. ಹಾಗಾಗಿ ದಾರಿ ಆಗುವಾಗ ಹುಡುಗಿಯರೂ ಬರಲಿ. ಗುದ್ದಲಿ ಅವರ ಕೈಯಲ್ಲಿ, ಸೈಕಲ್ ಮಾತ್ರ ಹುಡುಗರ ಕೈಯಲ್ಲಿ ಅಂತ ಆಗಬಾರದು. ದಾರಿಯಲ್ಲಿ ಹೊರೆ ಹೊತ್ತವರು ಎದುರಾದರೆ, ದನ ಎದುರಾದರೆ, ಸೈಕಲ್ಲಿನವರೇ ಇಳಿದು ನಿಲ್ಲಬೇಕು. ಇದನ್ನು ಬೋರ್ಡಿನಲ್ಲಿ ಬರೆದು ಹಾಕಿ.

ದಾರಿಯನ್ನು ಬಳಸುವ ಜನರೇ ಅದಕ್ಕೆ ಕಾವಲು. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ದನಿ ಎತ್ತಿದವರಲ್ಲಿ ಅಲ್ಲಿ ನಡೆಯುವವರೂ ಸೈಕಲ್ ತುಳಿಯುವವರೂ ಇದ್ದರು. ನಮ್ಮ ಗುಡ್ಡಕ್ಕೂ ನಾಳೆ ಕಲ್ಲುಗಣಿಯವರು ಬಂದಾಗ, ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ, ಮೊದಲು ಕಾಣುವುದು ದಿನಾ ಅಲ್ಲಿ ಓಡಾಡುವವರಿಗೇ.

ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೇ ಕೇಳಬೇಕೆಂದು ತಿಳಿಸಿದರು. ಗುಡ್ಡದ ಮಣ್ಣು ಉಳಿಯಬೇಕು, ಕೂಲಿಯವರ ಮರ್ಯಾದೆಯೂ ಉಳಿಯಬೇಕು. ಪ್ರಭುವಿಗೆ ದಾರಿ ಸಿದ್ಧಮಾಡಲು ಬಂದ ಸ್ನಾನಿಕ ಯೊವಾನ್ನರು ಎರಡು ಅಂಗಿ ಇದ್ದವನು ಹಂಚಿಕೊಳ್ಳಲಿ ಎಂದೂ ಬೋಧಿಸಿದರು. ದಾರಿ ಮಾಡುವುದೂ ಹಂಚಿಕೊಳ್ಳುವುದೂ ಬೇರೆ ಬೇರೆ ಅಲ್ಲ.

ಮೊದಲ ಕೆಲಸವಾಗಿ ಈ ವಾರ ನಾಲ್ಕು ಜನ ಹೋಗಿ ಗ್ರಾಮ ನಕಾಶೆಯ ಪ್ರತಿ ತನ್ನಿ. ಹಿರಿಯರನ್ನು ಕೂರಿಸಿಕೊಂಡು ಹಳೆಯ ದಾರಿಗಳ ಪಟ್ಟಿ ಮಾಡೋಣ. ದನ ಕಾಯುವವರನ್ನು ಕರೆಯುವುದನ್ನು ಮಾತ್ರ ಮರೆಯಬೇಡಿ, ಗುಡ್ಡ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.