ಚೀಟಿಯೂ ಒಂದು ಹಕ್ಕುಪತ್ರ

(ಚಿಕ್ಕೋಡಿಯ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣ)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಲ್ಲಿ ಚೀಟಿಗಳ ಕಂತೆಯೊಂದು ಇದ್ದೇ ಇರುತ್ತದೆ. ಸಕ್ಕರೆ ಕಾರ್ಖಾನೆಯ ತೂಕದ ಚೀಟಿ, ಪಡಿತರದ ರಶೀದಿ, ಬಸ್ ಟಿಕೆಟು. ನಾವು ಅವುಗಳನ್ನು ರದ್ದಿಯೆಂದೇ ಬಗೆಯುತ್ತೇವೆ. ಆದರೆ ಯಾರಿಗೆ, ಏನು, ಎಷ್ಟು ಸಲ್ಲಬೇಕೆಂದು ಬರೆದುಕೊಟ್ಟ ಚೀಟಿ ಕೊಟ್ಟವನನ್ನು ಕಟ್ಟಿಹಾಕುತ್ತದೆ. ವೋಚರ್ ಎನ್ನುವುದು ಇದನ್ನೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ನಿರ್ವಾಹಕರು ಮಹಿಳೆಯರಿಗೆ ಶೂನ್ಯ ಮೊತ್ತದ ಟಿಕೆಟು ಕೊಡತೊಡಗಿದರು. 'ಹಣವೇ ಇಲ್ಲದ ಮೇಲೆ ಟಿಕೆಟು ಏಕೆ?' ಎಂದು ಕೇಳಿದವರುಂಟು. ಸರಕಾರವು ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡುವುದು ಆ ಟಿಕೆಟುಗಳ ಲೆಕ್ಕದ ಮೇಲೆಯೇ. ಅದು ಧರ್ಮಕ್ಕೆ ಸಿಕ್ಕ ಪಯಣವಲ್ಲ, ಬೊಕ್ಕಸವು ದರ ತೆತ್ತ ಪಯಣ.

ಇದು ಹೊಸ ಸಂಗತಿಯೂ ಅಲ್ಲ. ಮರ್ವಾನ್ ಬಿನ್ ಹಕಮ್ ಮದೀನಾದ ಆಡಳಿತಗಾರನಾಗಿದ್ದಾಗ ಅಲ್ ಜಾರ್ ಬಂದರಿನ ಧಾನ್ಯಕ್ಕಾಗಿ ಜನರಿಗೆ ಚೀಟಿಗಳನ್ನು ಹಂಚಲಾಗಿತ್ತು. ಅರಬಿಯಲ್ಲಿ ಅದಕ್ಕೆ 'ಸಕ್ಕ್' ಎಂದು ಹೆಸರು. ಧಾನ್ಯ ಕೈಸೇರುವ ಮೊದಲೇ ಜನರು ಆ ಚೀಟಿಗಳನ್ನು ಮಾರಾಟ ಮಾಡತೊಡಗಿದರು. ಝೈದ್ ಬಿನ್ ಸಾಬಿತ್(ರ) ಮತ್ತು ಇನ್ನೋರ್ವ ಸಹಾಬಿ ನೇರವಾಗಿ ಮರ್ವಾನನ ಬಳಿಗೆ ಹೋಗಿ, ಇದು ಬಡ್ಡಿಯನ್ನು ಧರ್ಮಸಮ್ಮತಗೊಳಿಸಿದಂತೆ ಎಂದು ಆಕ್ಷೇಪಿಸಿದರು. ಮರ್ವಾನನು ಕಾವಲುಗಾರರನ್ನು ಅಟ್ಟಿ, ಕೊಂಡವರ ಕೈಯಿಂದ ಚೀಟಿಗಳನ್ನು ಹಿಂಪಡೆದು ಮೂಲ ಹಕ್ಕುದಾರರಿಗೆ ಮರಳಿಸಿದನೆಂದು ಇಮಾಮ್ ಮಾಲಿಕರ ಮುವತ್ತದಲ್ಲಿದೆ. ಅಧಿಕಾರಸ್ಥರನ್ನು ಪ್ರಶ್ನಿಸಲು ಅವರು ಅಂಜಲಿಲ್ಲ ಎಂಬುದನ್ನೂ ನಾವು ಗಮನಿಸಬೇಕು.

ಈಗ ನಮ್ಮ ಓಣಿಗೆ ಬರೋಣ. ಪಡಿತರದ ಅಕ್ಕಿಯನ್ನು ಬಾಗಿಲಿಗೆ ಬರುವ ವ್ಯಾಪಾರಿಗೆ ಅಗ್ಗಕ್ಕೆ ಕೊಡುವ ಮನೆಗಳಿಲ್ಲವೇ? ಸಾಲಕ್ಕೆ ಪಡಿತರ ಚೀಟಿಯನ್ನೇ ಒತ್ತೆಯಿಡುವವರಿಲ್ಲವೇ? 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ರಾಜ್ಯ ಸರಕಾರವು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಪುನಃ ಅಕ್ಕಿಗೇ ಮರಳಿತು. ಹಣವಾದರೆ ಎತ್ತಲೋ ಖರ್ಚಾಗಿಬಿಡುತ್ತದೆ, ಅಕ್ಕಿ ಮಕ್ಕಳ ತಟ್ಟೆಗೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದೇ ಅಕ್ಕಿ ವ್ಯಾಪಾರಿಯ ತಕ್ಕಡಿಗೆ ಬಿದ್ದರೆ ಈ ವಾದವೇ ಬಿದ್ದುಹೋಗುತ್ತದೆ. 2021ರ ಆಗಸ್ಟ್ 2ರಂದು ಬಂದ ಇ-ರುಪಿ ವೋಚರು ಮೊಬೈಲಿಗೇ ಬರುತ್ತದೆ; ಒಂದು ಉದ್ದೇಶಕ್ಕೆಂದು ಕೊಟ್ಟದ್ದು ಇನ್ನೊಂದಕ್ಕೆ ಸಲ್ಲದು. ಯಂತ್ರವು ಕಾಯುವ ಈ ಶಿಸ್ತನ್ನು ಕಾಗದದ ಚೀಟಿಗೆ ನಾವೇ ಕಾಯಬೇಕಾಗಿದೆ.

ನಿಪ್ಪಾಣಿಯ ಸಹೋದರಿಯರಿಗೆ ವಿಶೇಷವಾಗಿ ಒಂದು ಮಾತು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕಾಯಿದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು. ಮಕ್ಕಳ ವಿದ್ಯಾರ್ಥಿವೇತನ, ಚಿಕಿತ್ಸೆ, ಭವಿಷ್ಯನಿಧಿ ಎಲ್ಲಕ್ಕೂ ಆಧಾರ ನೀವು ಬೀಡಿ ಕಟ್ಟಿದಿರೆಂಬ ಬರಹ. ಹಗಲೆಲ್ಲ ಕಟ್ಟಿದವಳು ಒಬ್ಬಳು, ಪುಸ್ತಕದಲ್ಲಿ ಹೆಸರು ಇನ್ನೊಬ್ಬಳದು ಎಂದಾದರೆ ಕಚೇರಿಯ ಮುಂದೆ ನಿಂತು ಏನೆಂದು ವಾದಿಸುವಿರಿ? ಗುತ್ತಿಗೆದಾರನು ಮುನಿಸಿಕೊಂಡು ಎಲೆ ಕೊಡಲಿಕ್ಕಿಲ್ಲ ಎಂಬ ಭಯ ನಮಗೆ ಗೊತ್ತಿದೆ. ಒಬ್ಬಳೇ ಕೇಳಿದರೆ ಅದು ನಿಜವೂ ಆದೀತು. ಆದ್ದರಿಂದ ಓಣಿಯ ಹತ್ತು ಮಂದಿ ಒಟ್ಟಾಗಿ ಹೋಗಿ. ಓದುಬರಹ ಬಲ್ಲ ಮಗಳನ್ನು ಜೊತೆಗೆ ಕರೆದೊಯ್ಯಿರಿ. ಹೆಸರು, ದಿನಾಂಕ, ಕಟ್ಟಿದ ಬೀಡಿಗಳ ಸಂಖ್ಯೆ, ಪಡೆದ ಕೂಲಿ, ಇವಿಷ್ಟನ್ನೂ ಅಲ್ಲಿಯೇ ಅವಳಿಂದ ಓದಿಸಿ ಕೇಳಿರಿ.