ಮೆಕ್ಕೆಜೋಳದ ಸಿಪ್ಪೆ, ಮಡಚುವ ಬ್ಯಾಟರಿ: ಲೆಕ್ಕ ಏನು ಹೇಳುತ್ತೆ?

ಹೈದರಾಬಾದಿನ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ‘ಕಸದಿಂದ ಬ್ಯಾಟರಿ, ಬಟ್ಟೆ ತರ ಮಡಚಬಹುದು’ ಅನ್ನೋ ಸುದ್ದಿ ಆಗಾಗ ಬರುತ್ತೆ. ಇದರಲ್ಲಿ ಎಷ್ಟು ನಿಜ ಅಂತ ಇವತ್ತು ನೋಡೋಣ.

ಇದರ ಹಿಂದೆ ಗಟ್ಟಿ ಕೆಲಸ ಇದೆ, ಅದೂ ನಮ್ಮ ಪಕ್ಕದಲ್ಲೇ. ಕಂದಿಯಲ್ಲಿರುವ ಐಐಟಿ ಹೈದರಾಬಾದ್ ಮತ್ತು ಬಾಲಾಪುರದ ಎಆರ್‌ಸಿಐ ಸಂಶೋಧಕರು ಮೆಕ್ಕೆಜೋಳದ ತೆನೆಯ ಸಿಪ್ಪೆಯಿಂದ ಸೂಪರ್ ಕೆಪಾಸಿಟರ್‌ಗೆ ಬೇಕಾದ ಇಂಗಾಲ ಮಾಡಿ, 2020ರಲ್ಲಿ ಪ್ರಕಟಿಸಿದರು. ದಾವಣಗೆರೆ, ಹಾವೇರಿ ಕಡೆಯವರಿಗೆ ಈ ಸಿಪ್ಪೆ ಚೆನ್ನಾಗಿ ಗೊತ್ತು.

ಇಂಥ ಇಂಗಾಲವನ್ನು ಮಾಡುವ ಸಾಮಾನ್ಯ ದಾರಿ ಹೀಗಿದೆ. ಸಿಪ್ಪೆಯನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಸುಮಾರು 700–800 ಡಿಗ್ರಿಯಲ್ಲಿ ಮತ್ತೆ ಕಾಯಿಸುತ್ತಾರೆ. ಆಗ ಇದ್ದಿಲಿನ ತುಂಬ ಅತಿ ಸಣ್ಣ ರಂಧ್ರಗಳು ಮೂಡುತ್ತವೆ. ಒಂದೇ ಗ್ರಾಮಿನ ಒಳಮೈ 1000 ಚದರ ಮೀಟರ್ ದಾಟಬಹುದು. ವಿದ್ಯುತ್ ಕೂರೋದು ಆ ಮೈ ಮೇಲೆ.

ಹಾಗಾದ್ರೆ ಮಡಚೋದು ಹೇಗೆ? ಈ ಪುಡಿಯನ್ನು ಬಟ್ಟೆಗೆ ಬಳಿದು, ನಡುವೆ ದ್ರವದ ಬದಲು ಪಿವಿಎ ಜೆಲ್ ಹಾಕುತ್ತಾರೆ. ಸಿಪ್ಪೆಯಿಂದ ಇಂಗಾಲ ಬರುತ್ತೆ ಅಷ್ಟೆ, ಬಾಗುವ ಗುಣ ಬರೋದು ಬಟ್ಟೆ ಮತ್ತು ಜೆಲ್‌ನಿಂದ.

ಈಗ ಲೆಕ್ಕ. ಸೂಪರ್ ಕೆಪಾಸಿಟರ್ ಕಿಲೋಗೆ ಹೆಚ್ಚುಕಡಿಮೆ 5–10 ವ್ಯಾಟ್ ಅವರ್ ಹಿಡಿಯುತ್ತೆ, ಲಿಥಿಯಂ ಅಯಾನ್ 150–250. ಇದರಿಂದ ಫೋನ್ ಓಡಲ್ಲ. ಆದರೆ ಸೆಕೆಂಡುಗಳಲ್ಲಿ ಚಾರ್ಜ್ ಆಗುತ್ತೆ, ಲಕ್ಷಗಟ್ಟಲೆ ಸಲ ತಡೆಯುತ್ತೆ. ಮೈಗೆ ಅಂಟಿಸುವ ಸೆನ್ಸರ್‌ಗೆ ಅದು ಬೇಕಾದಷ್ಟಾಯ್ತು. ಇನ್ನೊಂದು ಮಾತು: ಹಿಡಿಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ನೀರಿನ ಜೆಲ್ ಸುಮಾರು 1 ವೋಲ್ಟ್‌ಗೆ ನಿಲ್ಲುತ್ತೆ, ಸಾವಯವ ದ್ರಾವಣ 2.7 ಮುಟ್ಟುತ್ತೆ. ಉಳಿದದ್ದೆಲ್ಲ ಒಂದೇ ಆಗಿದ್ರೆ ಶಕ್ತಿ ಏಳು ಪಟ್ಟು. ಆದರೆ ಆ ದ್ರಾವಣಕ್ಕೆ ತೇವ ತಾಗಬಾರದು. ಮಡಚಿದರೂ ಬಿರುಕು ಬಿಡದ ಹೊದಿಕೆ ಬೇಕು, ಖರ್ಚು ಏರುತ್ತೆ.

ಹಾಗಾಗಿ ‘ಕಸ ಪುಕ್ಕಟೆ’ ಅಂದಮಾತ್ರಕ್ಕೆ ‘ಸಾಧನ ಅಗ್ಗ’ ಅಂತಲ್ಲ. ರಾಸಾಯನಿಕ, ಕುಲುಮೆ, ತೊಳೆಯುವ ನೀರು, ಹೊದಿಕೆ ಎಲ್ಲದಕ್ಕೂ ದುಡ್ಡು ಬೇಕು. ನಾಳೆ ಊರಲ್ಲಿ ಯಾರಾದ್ರೂ ‘ಸಿಪ್ಪೆ ಬ್ಯಾಟರಿ ಕಂಪನಿಗೆ ಹಣ ಹಾಕಿ’ ಅಂದ್ರೆ ಮೂರು ಪ್ರಶ್ನೆ ಕೇಳಿ. ಹೊದಿಕೆ ಸೇರಿಸಿ ಕಿಲೋಗೆ ಎಷ್ಟು ವ್ಯಾಟ್ ಅವರ್? ಎಷ್ಟು ಸಾವಿರ ಸಲ ಮಡಚಿ ನೋಡಿದ್ದೀರಿ? ಒಂದು ಕಿಲೋ ಸಿಪ್ಪೆಗೆ ರೈತನಿಗೆ ಎಷ್ಟು ಕೊಡ್ತೀರಿ?

ಮೂರಕ್ಕೂ ಅಂಕಿಯಲ್ಲಿ ಉತ್ತರ ಸಿಕ್ಕರೆ ಮಾತು ಮುಂದುವರಿಸಿ. ನಿಮ್ಮ ಪ್ರಶ್ನೆಗಳಿದ್ರೆ ಕಾಮೆಂಟಲ್ಲಿ ಬರೆಯಿರಿ.